ಯೋಗ ಶಿಕ್ಷಕರಾಗಲು: ಜಿಗಣಿಯೋ, ಮೈಸೂರೋ?

ಬೆಂಗಳೂರು ಹತ್ತಿರದ ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಶಿಕ್ಷಕ ತರಬೇತಿ ಇದೆ. ಆಸನ, ಪ್ರಾಣಾಯಾಮದ ಜೊತೆಗೆ ಶರೀರರಚನೆ, ಪತಂಜಲಿ ಸೂತ್ರ, ಗೀತೆ, ಪಂಚಕೋಶದ (ದೇಹದಿಂದ ಆನಂದದವರೆಗಿನ ಐದು ಪದರಗಳ) ವಿಚಾರವನ್ನೂ ಹೇಳಿಕೊಡುತ್ತಾರೆ. ಚಿಕಿತ್ಸಾ ಕೇಂದ್ರವಾದ ಆರೋಗ್ಯಧಾಮವೂ ಅದೇ ಆವರಣದಲ್ಲಿದೆ. ಮುಂದೆ ಬೆನ್ನುನೋವು, ಸಕ್ಕರೆ ಕಾಯಿಲೆ ಇರುವವರಿಗೆ ಕಲಿಸುವ ಯೋಚನೆಯಿದ್ದರೆ ಕಣ್ಣುಮುಚ್ಚಿ ಇಲ್ಲಿಗೇ ಹೋಗಿ.

ಮೈಸೂರಿನ ಅಷ್ಟಾಂಗ ಪರಂಪರೆಯ ದಾರಿಯೇ ಬೇರೆ. ಯೋಗಗುರು ಪಟ್ಟಾಭಿ ಜೋಯಿಸರು 1948ರಲ್ಲಿ ಶುರುಮಾಡಿದ ಶಾಲೆಯಿಂದ ಬೆಳೆದ ಪದ್ಧತಿ ಇದು. ಪ್ರತಿಯೊಬ್ಬರೂ ತಮ್ಮ ಉಸಿರಿನ ಲಯದಲ್ಲಿ ಅಭ್ಯಾಸ ಮಾಡುತ್ತಾರೆ. ಒಂದು ಆಸನ ಕೂತ ಮೇಲಷ್ಟೇ ಗುರುಗಳು ಮುಂದಿನದನ್ನು ಕೊಡುತ್ತಾರೆ. ಕಲಿಸುವ ಅನುಮತಿ ಸಿಗಲು ವರ್ಷಗಟ್ಟಲೆ ಬಂದು ಕಲಿಯಬೇಕು. ದೇಹಕ್ಕೆ ಇಷ್ಟು ಆಳವಾಗಿ ಇಳಿಯುವ ಕಲಿಕೆ ಇನ್ನೊಂದನ್ನು ನಾನು ಕಾಣೆ. ಆದರೆ ಅಂಗರಚನೆಯನ್ನು ಬೇರೆ ಕಡೆ ಓದಿಕೊಳ್ಳಬೇಕು.

ಒಂದು ತಿಂಗಳ 200 ಗಂಟೆ ಕೋರ್ಸುಗಳೂ ಮೈಸೂರಿನಲ್ಲಿ ಬೇಕಾದಷ್ಟಿವೆ. ಯೋಗ ಶಾಲೆ, ಶಿಕ್ಷಕರನ್ನು ನೋಂದಾಯಿಸುವ ಅಮೆರಿಕದ ಸಂಸ್ಥೆ ಯೋಗ ಅಲಯನ್ಸ್‌ನ ನೋಂದಣಿ ಇದ್ದರೆ ವಿದೇಶದಲ್ಲಿ ಕಲಿಸುವವರಿಗೆ ಅನುಕೂಲ. ಸೇರುವ ಮುನ್ನ ಶಿಕ್ಷಕರನ್ನೊಮ್ಮೆ ಕೇಳಿ: ಕಾಲು ಚಾಚಿ ಕೂತು ಮುಂದೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಕಾಲ್ಬೆರಳು ಎಟುಕದಿದ್ದರೆ ಬಿಗಿ ಇರುವುದು ತೊಡೆಯ ಹಿಂದಿನ ಸ್ನಾಯುವಿನಲ್ಲೋ, ಬೆನ್ನಿನಲ್ಲೋ, ಹೇಗೆ ಗುರುತಿಸುವುದು? ಬರೀ ‘ಇನ್ನೂ ಬಗ್ಗಿ’ ಎನ್ನುವವರಲ್ಲಿ ದುಡ್ಡು ಕಟ್ಟಬೇಡಿ.