ಪೆನ್‌ಡ್ರೈವಿನಲ್ಲಿ ಬ್ರಾಂಚ್ ಒಯ್ಯುವಾಗ: ಗಿಟ್ ಬಂಡಲ್, ಮರ್ಕ್ಯುರಿಯಲ್ ಬಂಡಲ್

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಗಾಗಿ ನಾನು ಹುಬ್ಬಳ್ಳಿಯಲ್ಲಿ ಕುಳಿತು ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇನೆ. ತಮ್ಮ ಕಂಪ್ಯೂಟರಿಗೆ ಇಂಟರ್ನೆಟ್ ಬೇಡವೆಂದು ಅಂಗಡಿಯವರು ಹಟ ಹಿಡಿದಿರುವುದರಿಂದ ಕೋಡ್ ಪೆನ್‌ಡ್ರೈವಿನಲ್ಲಿ ಬಸ್ಸು ಹತ್ತಿ ಹೋಗುತ್ತದೆ. ಅಲ್ಲಿರುವ ಗೆಳೆಯ ಮಾಡಿದ ತಿದ್ದುಪಡಿಗಳೂ ಹಾಗೆಯೇ ಬರುತ್ತವೆ. ಈ ಸಾಗಣೆಗೆ, ಕೋಡಿನ ಬದಲಾವಣೆಗಳ ಇತಿಹಾಸ ಕಾಪಾಡುವ ತಂತ್ರಾಂಶಗಳಾದ ಗಿಟ್ ಮತ್ತು ಮರ್ಕ್ಯುರಿಯಲ್ ಎರಡರಲ್ಲೂ, ಆಯ್ದ ಬದಲಾವಣೆಗಳನ್ನು ಒಂದೇ ಕಡತವಾಗಿ ಕಟ್ಟುವ ‘ಬಂಡಲ್’ ಎಂಬ ಆಜ್ಞೆ ಇದೆ. ಎರಡೂ 2005ರ ಏಪ್ರಿಲ್‌ನಲ್ಲಿ, ಇದೇ ಬಗೆಯ ಬಿಟ್‌ಕೀಪರ್ ಎಂಬ ತಂತ್ರಾಂಶದ ಉಚಿತ ಪರವಾನಗಿ ಲಿನಕ್ಸ್ ಬಳಗದ ಕೈತಪ್ಪಿದಾಗ ಹುಟ್ಟಿದವು. ಆದರೂ ಇತಿಹಾಸ ಕವಲೊಡೆದಾಗ ಎರಡರ ನಡತೆ ಒಂದೇ ಅಲ್ಲ.

ಪರೀಕ್ಷೆಗೆಂದು ಎರಡರಲ್ಲೂ ಒಂದೇ ಆಕಾರದ ಇತಿಹಾಸ ಕಟ್ಟಿದೆ. ಮುಖ್ಯ ಬ್ರಾಂಚಿನಲ್ಲಿ, ಎಂದರೆ ಇತಿಹಾಸದ ಮುಖ್ಯ ಕವಲಿನಲ್ಲಿ, 1ರಿಂದ 5ರವರೆಗೆ ಕಮಿಟ್‌ಗಳು (ದಾಖಲಿಸಿದ ಒಂದೊಂದು ಬದಲಾವಣೆ). ಎರಡನೆಯದರಿಂದ ‘ತೂಕ’ ಎಂಬ ಬ್ರಾಂಚ್ ಒಡೆಯುತ್ತದೆ: ಅದರಲ್ಲಿ 6 ಮತ್ತು 7, ಆಮೇಲೆ ಮುಖ್ಯದ 4ನ್ನು ಮರ್ಜ್ ಮಾಡಿಕೊಂಡ (ತನ್ನೊಳಗೆ ಬೆಸೆದುಕೊಂಡ) 8, ಕೊನೆಗೆ 9. ಬ್ಯಾಡಗಿಯ ಪ್ರತಿಯಲ್ಲಿ 3ರವರೆಗೆ ಮಾತ್ರ ಇದೆ ಎಂದಿಟ್ಟುಕೊಂಡೆ.

ಮುಖ್ಯದಲ್ಲಿ ಇಲ್ಲದ, ‘ತೂಕ’ದಲ್ಲಿ ಇರುವ ಕಮಿಟ್‌ಗಳನ್ನು ಕೊಡು ಎಂದು ಕೇಳಿದಾಗ ಎರಡೂ 6, 7, 8, 9ನ್ನೇ ಕಟ್ಟಿಕೊಟ್ಟವು. 3ರ ನಂತರದ್ದು ಬೇಕೆಂದು ಕೇಳಿದಾಗ ಎರಡೂ 4ನ್ನೂ ಜೊತೆಗೆ ಎಳೆದು ತಂದವು. ಏಕೆಂದರೆ ಬಂಡಲ್‌ಗೆ ಬ್ರಾಂಚಿನ ಹೆಸರಿಗಿಂತ ಪೂರ್ವಜರ ಸರಪಳಿ ಮುಖ್ಯ. ಇಲ್ಲಿಯವರೆಗೆ ಹೆಚ್ಚುಕಡಿಮೆ ಇಲ್ಲ.

ವ್ಯತ್ಯಾಸ ಕಂಡದ್ದು ಮೊದಲನೆಯ ಬಂಡಲನ್ನು ಬ್ಯಾಡಗಿಯ ಪ್ರತಿಗೆ ಸೇರಿಸಲು ಹೋದಾಗ. ಗಿಟ್ ಬಂಡಲಿನ ಮೊದಲ ಸಾಲುಗಳು ಸಾದಾ ಪಠ್ಯವಾಗಿರುತ್ತವೆ. ಅಡ್ಡಗೆರೆಯಿಂದ ಆರಂಭವಾಗುವ ಒಂದೊಂದು ಸಾಲೂ ‘ಈ ಕಮಿಟ್ ನಿಮ್ಮಲ್ಲಿ ಮೊದಲೇ ಇರಬೇಕು’ ಎಂಬ ಷರತ್ತು. ನನ್ನ ಬಂಡಲಿನಲ್ಲಿ ಅಂಥ ಎರಡು ಸಾಲುಗಳಿದ್ದವು, 2 ಮತ್ತು 4. ‘ವೆರಿಫೈ’ ಆಜ್ಞೆ ಕೊಟ್ಟೊಡನೆ 4 ಇಲ್ಲವೆಂದು ಅದರ ಪೂರ್ತಿ ಗುರುತಿನ ಸಹಿತ ಹೇಳಿತು. ಮರ್ಕ್ಯುರಿಯಲ್ ಬಂಡಲಿನಲ್ಲಿ ಇಂಥ ಷರತ್ತಿನ ಪಟ್ಟಿಯೇ ಇಲ್ಲ. ಬಂಡಲ್ ಬಿಚ್ಚಿ ಸೇರಿಸುವ ‘ಅನ್‌ಬಂಡಲ್’ ಆಜ್ಞೆ ನಡುವೆ ‘ಅನ್‌ನೋನ್ ಪೇರೆಂಟ್’ (ಪೂರ್ವಜ ಗೊತ್ತಿಲ್ಲ) ಎಂದು ನಿಂತು, ಸೇರಿಸಿದ್ದನ್ನೆಲ್ಲ ಹಿಂತೆಗೆದುಕೊಂಡಿತು. ಪ್ರತಿ ಕೆಡಲಿಲ್ಲ ಎಂಬುದು ನಿಜ, ಆದರೆ ಆ ದಿನದ ಬಸ್ ಚಾರ್ಜು ವ್ಯರ್ಥವಾದಂತೆಯೇ.

ಮರ್ಕ್ಯುರಿಯಲ್ ಪರವಾಗಿಯೂ ಹೇಳಬೇಕಾದದ್ದಿದೆ. ಅದರಲ್ಲಿ ಬ್ರಾಂಚಿನ ಹೆಸರು ಕಮಿಟ್ಟಿನೊಳಗೇ ಬರೆದಿರುತ್ತದೆಯಾದ್ದರಿಂದ ‘ತೂಕ’ ಎಲ್ಲಿ ಹೋದರೂ ‘ತೂಕ’ವೇ. ಗಿಟ್‌ನಲ್ಲಿ ಹೆಸರು ಒಂದು ಕಮಿಟ್ಟಿನತ್ತ ಬರಿಯ ಬೆರಳು ತೋರಿಸುವ ಕೆಲಸ ಮಾಡುತ್ತದೆ. ಬ್ರಾಂಚಿನ ಬದಲು ಕೊನೆಯ ಕಮಿಟ್ಟಿನ ಗುರುತನ್ನಷ್ಟೇ ಕೊಟ್ಟಾಗ, ಹೆಸರಿಲ್ಲದ ಕಾರಣಕ್ಕೆ, ‘ಖಾಲಿ ಬಂಡಲ್ ಮಾಡುವುದಿಲ್ಲ’ ಎಂದು ನಿರಾಕರಿಸಿತು. ಒಳಗೆ ಕಮಿಟ್‌ಗಳಿರುವಾಗ ಖಾಲಿ ಎನ್ನುವ ಆ ಸಂದೇಶ ನನ್ನ ಒಂದು ಗಂಟೆ ತಿಂದಿತು. ಗೆಳೆಯ ಅದೇ ಬ್ರಾಂಚಿನಲ್ಲಿ ತನ್ನದೊಂದು ಕಮಿಟ್ ಮಾಡಿದ್ದ ಸಂದರ್ಭದಲ್ಲೂ ಮರ್ಕ್ಯುರಿಯಲ್ ತಕರಾರಿಲ್ಲದೆ ಎರಡನೆಯ ತಲೆಯಾಗಿ (ಅದೇ ಕವಲಿನ ಇನ್ನೊಂದು ತುದಿಯಾಗಿ) ಸೇರಿಸಿಕೊಂಡು, ಮರ್ಜ್ ಮಾಡಿ ಎಂದಿತು. ಗಿಟ್‌ನಲ್ಲಿ ನೇರವಾಗಿ ಅದೇ ಬ್ರಾಂಚಿಗೆ ಫೆಚ್ ಮಾಡಿದರೆ ತಿರಸ್ಕೃತವಾಗುತ್ತದೆ, ಬೇರೆ ಹೆಸರಿಗೆ ತಂದುಕೊಳ್ಳಬೇಕು. ಪೂರ್ವಜರು ಇದ್ದಲ್ಲಿ, ಮರ್ಕ್ಯುರಿಯಲ್‌ನ ‘ಇನ್‌ಕಮಿಂಗ್’ ಆಜ್ಞೆಯಿಂದ ಬಂಡಲನ್ನು ಬಿಚ್ಚದೆಯೇ ಒಳಗಿನ ಬದಲಾವಣೆಗಳನ್ನು ಸಾಲುಸಾಲಾಗಿ ಓದಬಹುದಾದ ಸೌಲಭ್ಯ ನನಗೆ ಬಹಳ ಹಿಡಿಸಿತು.

ಆದರೂ ನಾನು ಗಿಟ್‌ನಲ್ಲೇ ಉಳಿದಿದ್ದೇನೆ, ಕಾರಣ ಆ ಅಡ್ಡಗೆರೆಯ ಸಾಲುಗಳು. ಬ್ಯಾಡಗಿಯಲ್ಲಿ ಇರುವುದರ ತದ್ರೂಪು ಪ್ರತಿಯೊಂದನ್ನು ಹುಬ್ಬಳ್ಳಿಯಲ್ಲಿ ಇಟ್ಟುಕೊಂಡು, ಪ್ರತಿ ಬಂಡಲನ್ನೂ ಮೊದಲು ಅದರಲ್ಲಿ ವೆರಿಫೈ ಮಾಡುತ್ತೇನೆ. ಎಲ್ಲಿಯವರೆಗಿನ ಕಮಿಟ್ ಅಲ್ಲಿಗೆ ತಲುಪಿದೆ ಎಂದು ಗುರುತಿಸುವ ‘ಕಳಿಸಿದ್ದು’ ಎಂಬ ಟ್ಯಾಗನ್ನು ಮಾತ್ರ ಪೆನ್‌ಡ್ರೈವ್ ಹೊರಟಾಗ ಸರಿಸುವುದಿಲ್ಲ. ಸೇರಿತೆಂದು ಗೆಳೆಯ ಫೋನ್ ಮಾಡಿದ ಮೇಲೆಯೇ ಸರಿಸುತ್ತೇನೆ.