ಛಲ ಕಲಿಸುವ ಚಿತ್ರಪುಸ್ತಕ: ಯಾವ ವಯಸ್ಸಿಗೆ ಯಾವುದು?

ಮಕ್ಕಳಿಗೆ ಛಲ ಕಲಿಸುವ ಚಿತ್ರಪುಸ್ತಕಗಳಲ್ಲಿ ಹೆಚ್ಚಿನವು ಎಡವುವುದು ಒಂದೇ ಕಡೆ. ಮೊದಲು ಸೋಲು, ಕೊನೆಗೆ ಗೆಲುವು, ನಡುವಿನ ದುಡಿಮೆ ಮಾತ್ರ ಮಾಯ. ಹಾಗಾಗಿ ಕೊಳ್ಳುವ ಮುನ್ನ ನಡುವಿನ ಪುಟಗಳನ್ನು ತೆರೆದು ನೋಡಿ. ಕೆಲಸ ಕೆಡುವುದೂ ಮತ್ತೆ ಕೈ ಹಚ್ಚುವುದೂ ಚಿತ್ರದಲ್ಲೇ ಕಂಡರೆ ಧೈರ್ಯವಾಗಿ ತಗೊಳ್ಳಿ.

ಈ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುವುದು ಆಶ್ಲಿ ಸ್ಪೈರ್ಸ್ ಅವರ ‘ದಿ ಮೋಸ್ಟ್ ಮ್ಯಾಗ್ನಿಫಿಸೆಂಟ್ ಥಿಂಗ್’ (2014). ಹುಡುಗಿಯೊಬ್ಬಳು ತನ್ನ ನಾಯಿಯನ್ನು ಜೊತೆಗಿಟ್ಟುಕೊಂಡು ಏನೋ ಅದ್ಭುತವಾದದ್ದನ್ನು ಮಾಡಲು ಹೊರಡುತ್ತಾಳೆ. ಮಾಡಿದ್ದೊಂದೂ ಮನಸ್ಸಿಗೆ ಬರುವುದಿಲ್ಲ. ಸಿಟ್ಟಿನಲ್ಲಿ ಬಡಿಯುವಾಗ ಬೆರಳು ಜಜ್ಜಿಕೊಳ್ಳುತ್ತಾಳೆ, ಕಿರುಚುತ್ತಾಳೆ, ಕೈಬಿಡುತ್ತಾಳೆ. ನಾಯಿಯ ಜೊತೆ ಒಂದು ಸುತ್ತು ಓಡಾಡಿ ಬರುವಾಗ, ತಾನು ಎಸೆದ ವಸ್ತುಗಳಲ್ಲೇ ಅಲ್ಲಲ್ಲಿ ಒಂದೊಂದು ಭಾಗ ಸರಿಯಾಗಿದೆ ಎಂದು ಕಾಣುತ್ತದೆ. ಪುಸ್ತಕದ ಜೀವ ಇರುವುದು ಇಲ್ಲಿ: ಸಿಟ್ಟು ಬಂದಾಗ ಕೆಲಸ ಬಿಟ್ಟು ಏಳು, ತಣ್ಣಗಾಗು, ಕೆಟ್ಟದ್ದರಲ್ಲಿ ಒಳ್ಳೆಯದನ್ನು ಆರಿಸಿಕೊಂಡು ಮತ್ತೆ ಕಟ್ಟು. ಕೊನೆಗೆ ಆದದ್ದೂ ಎಡಕ್ಕೆ ತುಸು ವಾಲಿದೆ, ಅಂದುಕೊಂಡದ್ದಕ್ಕಿಂತ ಭಾರವಾಗಿದೆ. ಆದರೂ ಅವಳಿಗೆ ಬೇಕಿದ್ದದ್ದು ಅದೇ! ನಾಲ್ಕರಿಂದ ಏಳು ವರ್ಷದವರಿಗೆ ಒಂದೇ ಪುಸ್ತಕ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಇಂಗ್ಲಿಷ್ ಕ್ರಿಯಾಪದಗಳು ದಂಡಿಯಾಗಿವೆ. ತಿರುಚು, ಬಡಿ, ಉಜ್ಜು, ಜೋಡಿಸು ಎಂದು ಕೈಯಲ್ಲಿ ಮಾಡಿ ತೋರಿಸುತ್ತಾ ಕನ್ನಡದಲ್ಲಿ ಹೇಳಿದರೆ ಮಕ್ಕಳು ತಾವೂ ಕೈ ಆಡಿಸುತ್ತಾರೆ.

ಎರಡೂವರೆ, ಮೂರರ ಮಗುವಿಗೆ ರೂತ್ ಕ್ರಾಸ್ ಬರೆದು ಕ್ರಾಕೆಟ್ ಜಾನ್ಸನ್ ಚಿತ್ರ ಬಿಡಿಸಿದ ‘ದಿ ಕ್ಯಾರಟ್ ಸೀಡ್’ (1945) ಸಾಕು. ನೂರರ ಆಸುಪಾಸು ಪದ, ಕೆಲವೇ ಗೆರೆಗಳ ಚಿತ್ರ. ಹುಡುಗ ಬೀಜ ಹಾಕುತ್ತಾನೆ. ಅಮ್ಮ, ಅಪ್ಪ, ಅಣ್ಣ ಎಲ್ಲರೂ “ಅದು ಹುಟ್ಟಲ್ಲ” ಅನ್ನುತ್ತಾರೆ. ಅವನು ಕಳೆ ಕೀಳುತ್ತಾನೆ, ನೀರು ಚಿಮುಕಿಸುತ್ತಾನೆ, ಅಷ್ಟೇ. ಏನೂ ಮೊಳೆಯದ ಪುಟ ಬಂದಾಗ ಓದುವವರು ಅವಸರದಿಂದ ತಿರುಗಿಸಿಬಿಡುತ್ತಾರೆ. ಅಲ್ಲಿ ನಿಲ್ಲಿ, ಮಗು ಖಾಲಿ ಮಣ್ಣನ್ನು ನೋಡಲಿ. ಕೊರತೆಯೂ ಇದೆ: ಹುಡುಗ ಕಾಯುತ್ತಾನೆಯೇ ಹೊರತು ವಿಧಾನ ಬದಲಿಸುವುದಿಲ್ಲ.

ಓದಿದ ಮೇಲೆ ಮಗು ಬೀಜ ಹಾಕಲು ಕೇಳಿಯೇ ಕೇಳುತ್ತದೆ. ಕ್ಯಾರೆಟ್ ಬೇಡ. ಮೊಳೆಯಲು ಒಂದರಿಂದ ಮೂರು ವಾರ ಬೇಕು, ಒಂದು ಸೆಂಟಿಮೀಟರ್‌ಗಿಂತ ಆಳಕ್ಕೆ ಹೋದರೆ ಎಷ್ಟೋ ಬೀಜ ಮೇಲೆ ಬರುವುದೇ ಇಲ್ಲ, ಮೇಲ್ಮಣ್ಣು ಒಮ್ಮೆ ಒಣಗಿದರೂ ಮೊಳಕೆ ಸಾಯಬಹುದು. ರಾತ್ರಿ ನೆನೆಸಿದ ಮೆಂತ್ಯ ಹಾಕಿ, ಮೂರು ನಾಲ್ಕು ದಿನಕ್ಕೆ ತಲೆ ಎತ್ತುತ್ತದೆ. ಅದು ಬಂದ ಮೇಲೆ ಮೂಲಂಗಿ ಹಾಕಿದರೆ, ಗೆಡ್ಡೆ ಕೀಳುವವರೆಗೆ ಇನ್ನಷ್ಟು ದಿನ ಕಾಯುವ ಅಭ್ಯಾಸವಾಗುತ್ತದೆ.

ಇನ್ನೂ ಚಿಕ್ಕವರಿಗೆ ಎರಿಕ್ ಕಾರ್ಲ್ ಅವರ ‘ದಿ ವೆರಿ ಬಿಝಿ ಸ್ಪೈಡರ್’ (1984). ಕುದುರೆ, ಹಸು, ಕುರಿ ಕರೆದರೂ ಜೇಡ ಓಗೊಡದೆ ಬಲೆ ನೇಯುತ್ತಲೇ ಇರುತ್ತದೆ. ಬಲೆಯ ಎಳೆಗಳು ಕಾಗದದ ಮೇಲೆ ಉಬ್ಬಿದ್ದು, ಪುಟ ಪುಟಕ್ಕೂ ಬೆಳೆಯುವುದು ಬೆರಳಿಗೇ ಸಿಗುತ್ತದೆ. ಆದ್ದರಿಂದ ರಟ್ಟಿನ ಪುಟಗಳ ಆವೃತ್ತಿ ಕೊಳ್ಳಿ, ಎಳೆ ಉಬ್ಬಿದೆಯೇ ಎಂದು ಅಂಗಡಿಯಲ್ಲೇ ಮುಟ್ಟಿ ನೋಡಿ.