ಒಳಗಿನ ರೂಮೋ, ಕಿಟಕಿ ರೂಮೋ? ನಮ್ಮ ಮೊದಲ ಕ್ರೂಸ್

ಅಮ್ಮನ ಲೆಕ್ಕದಲ್ಲಿ ಹಡಗು ಅಂದರೆ ಸಿಗಂದೂರು ದೇವಿಯ ಗುಡಿಗೆ ಹೋಗುವ ಲಾಂಚ್. ಬಸ್ಸು, ಜೀಪು, ಜನ ಎಲ್ಲವನ್ನೂ ಹೊತ್ತುಕೊಂಡು ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚ್. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಉದ್ಘಾಟನೆ ಆಯಿತು. "ಇನ್ನು ನಮಗೆ ಹಡಗು ಹತ್ತೋ ಯೋಗ ಇಲ್ಲ ಬಿಡು" ಅಂದರು ಅಮ್ಮ. ಅದೇ ನೆಪ ಸಾಕಾಯಿತು. ನವೆಂಬರ್‌ಗೆ ಮುಂಬೈ–ಗೋವಾ–ಮುಂಬೈ ಎರಡು ರಾತ್ರಿಯ ಕ್ರೂಸ್ ಬುಕ್ ಮಾಡಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಅಬ್ಬರ ಜಾಸ್ತಿ. ಹಾಗಾಗಿ ಮಳೆಗಾಲ ಮುಗಿಯುವವರೆಗೆ ಕಾದೆವು.

ತೀರ್ಥಹಳ್ಳಿಯಿಂದ ನಾವು ನಾಲ್ಕು ಜನ: ನಾನು, ಇವರು, ಮಗಳು, ಅಮ್ಮ. ಶಿವಮೊಗ್ಗದಿಂದ ತಂಗಿ, ಅವಳ ಗಂಡ, ಪುಟ್ಟ ಮಗ. ನನಗೂ ತಂಗಿಗೂ ಯಾವ ವಿಷಯದಲ್ಲೂ ಒಮ್ಮತ ಇಲ್ಲ. ನಾನು ಮಾಡಿದ್ದಕ್ಕೆ ಉಲ್ಟಾ ಅವಳು ಮಾಡುತ್ತಾಳೆ. ಅದರಿಂದ ಈ ಸಲ ಒಂದು ಲಾಭ ಆಯಿತು. ಎಲ್ಲದರಲ್ಲೂ ಎರಡೆರಡು ದಾರಿ ಪರೀಕ್ಷೆ ಆಗಿಹೋಯಿತು.

ಮೊದಲು ಮುಂಬೈ ಮುಟ್ಟುವ ಕಥೆ. ನಾವು ಹುಲಿಕಲ್ ಘಾಟಿ ಇಳಿದು ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿದೆವು. ಸಂಜೆ ಹೊತ್ತಿಗೆ ಹತ್ತಿದರೆ ಬೆಳಗ್ಗೆ ಮುಂಬೈ. ಹಡಗು ಶುಕ್ರವಾರ, ನಾವು ಗುರುವಾರವೇ ಅಲ್ಲಿದ್ದೆವು. ತಂಗಿ ಮಾತ್ರ ಶುಕ್ರವಾರ ಬೆಳಗ್ಗೆಯೇ ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನ ಹತ್ತಿ, ಬೆಂಗಳೂರಲ್ಲಿ ಬದಲಿಸಿ ಬರುವ ಪ್ಲಾನ್ ಹಾಕಿದ್ದಳು. ಆವತ್ತು ಶಿವಮೊಗ್ಗದಲ್ಲಿ ಮಂಜು. ವಿಮಾನ ತಡ. ಬೆಂಗಳೂರಲ್ಲಿ ಓಡಿ, ಮುಂಬೈ ಟ್ರಾಫಿಕ್‌ನಲ್ಲಿ ಅತ್ತು, ಚೆಕ್-ಇನ್ ಮುಚ್ಚಲು ಅರ್ಧ ಗಂಟೆ ಇರುವಾಗ ಹಡಗು ಹತ್ತುವ ಬ್ಯಾಲಾರ್ಡ್ ಪಿಯರ್‌ಗೆ ಬಂದು ಬಿದ್ದಳು. ವಿಮಾನದಲ್ಲಿ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಒಂದು ದಿನ ಮೊದಲು ಹೋಗಿ. ಚೆಕ್-ಇನ್‌ಗೆ ತಡವಾದರೆ ಹಡಗು ಯಾರಿಗೂ ಕಾಯುವುದಿಲ್ಲ.

ಟರ್ಮಿನಲ್‌ನಲ್ಲಿ ದೊಡ್ಡ ಬ್ಯಾಗುಗಳಿಗೆ ಚೀಟಿ ಕಟ್ಟಿ ಅವರೇ ತಗೊಂಡು ಹೋಗುತ್ತಾರೆ. ಅವು ರೂಮಿಗೆ ಬರುವುದು ಎಷ್ಟೋ ಹೊತ್ತಾದ ಮೇಲೆ. ನಮ್ಮದು ಬಂದಿದ್ದು ರಾತ್ರಿ ಎಂಟಕ್ಕೆ. ಅಮ್ಮನ ಬಿಪಿ ಮಾತ್ರೆ ಅದರೊಳಗಿತ್ತು. ಮಾತ್ರೆ, ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಸ್ತ್ರಿ ಪೆಟ್ಟಿಗೆಯನ್ನು ಒಳಗೆ ಬಿಡುವುದಿಲ್ಲ, ಸುಮ್ನೆ ಹೊರಬೇಡಿ.

ಉಪ್ಪಿನಕಾಯಿಯಲ್ಲೂ ಸ್ಪರ್ಧೆ ನಡೆಯಿತು. ಅಮ್ಮ ಮನೆಯ ಅಪ್ಪೆಮಿಡಿಯನ್ನು ಗಾಜಿನ ಬಾಟ್ಲಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತಂದಿದ್ದರು. ತಂಗಿ ಅಂಗಡಿಯ ಸೀಲ್ ಪ್ಯಾಕೆಟ್ ತಂದಿದ್ದಳು. ಮನೆಯಲ್ಲಿ ಮಾಡಿದ್ದು ಒಳಗೆ ಒಯ್ಯುವ ಹಾಗಿಲ್ಲವಂತೆ. ತಪಾಸಣೆಯಲ್ಲಿ ಬಾಟ್ಲಿ ಇಟ್ಟುಕೊಂಡು ಒಂದು ಚೀಟಿ ಕೊಟ್ಟರು. ಪ್ಯಾಕೆಟ್ ಆರಾಮಾಗಿ ಪಾಸಾಯಿತು. ತಂಗಿಗೆ ಒಂದು ಅಂಕ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ರೂಮು. ನಮ್ಮದು ಒಳಗಿನ ರೂಮು. ಅಂದರೆ ಕಿಟಕಿಯೇ ಇಲ್ಲ. ಕೆಳಗಿನ ಅಂತಸ್ತಿನಲ್ಲಿ, ಹಡಗಿನ ಮಧ್ಯಭಾಗದಲ್ಲಿ. ತಂಗಿಯದು ಮೇಲಿನ ಅಂತಸ್ತಿನಲ್ಲಿ, ಮೂತಿಯ ಕಡೆ, ಕಿಟಕಿ ಇರುವುದು. ತಲೆಗೆ ಆರು ಸಾವಿರ ಜಾಸ್ತಿ ಕೊಟ್ಟಿದ್ದಳು. ಕಿಟಕಿ ಅಂದರೆ ತೆಗೆಯುವ ಕಿಟಕಿ ಅಲ್ಲ, ಬಿಗಿದು ಕೂರಿಸಿದ ದಪ್ಪ ಗಾಜು. ಗಾಳಿ ಬರುವುದಿಲ್ಲ.

ನಮ್ಮ ರೂಮಿನ ಬಾಗಿಲು ತೆಗೆದಾಗ ಅಮ್ಮ ಹೊಸಿಲಲ್ಲೇ ನಿಂತರು. "ಎಂತ ಮಾರಾಯ್ತಿ ಇದು, ಬಾಣಂತಿ ಕೋಣೆ ಇದ್ದಂಗೆ ಐತಲ್ಲೇ" ಅಂದರು. ನಿಜ, ಹಾಗೇ ಇತ್ತು. ಎರಡು ಮಂಚ, ಗೋಡೆಗೆ ಮಡಚುವ ಇನ್ನೆರಡು, ಒಬ್ಬರು ನಡೆದರೆ ಇನ್ನೊಬ್ಬರು ಮಂಚ ಹತ್ತಿ ಕೂರಬೇಕು. ದೀಪ ಆರಿಸಿದರೆ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ರಾತ್ರಿ ಬೀರುವಿನೊಳಗೆ ಖಾಲಿ ಹ್ಯಾಂಗರುಗಳು ಟಿಕ್, ಟಿಕ್ ಅಂತ ಒಂದಕ್ಕೊಂದು ತಾಗುತ್ತಿದ್ದವು. ಹಡಗು ತೂಗುತ್ತಿದೆ ಅಂತ ಗೊತ್ತಾಗಿದ್ದೇ ಆ ಸದ್ದಿನಿಂದ. ಎದ್ದು ಹ್ಯಾಂಗರುಗಳ ನಡುವೆ ಟವೆಲ್ ತುರುಕಿದೆ, ನಿಂತಿತು. ಆಮೇಲೆ ಬಂದ ನಿದ್ದೆ ಇದೆಯಲ್ಲ, ಮಳೆಗಾಲದಲ್ಲಿ ಕಂಬಳಿ ಹೊದ್ದು ಮಲಗಿದ ಹಾಗೆ. ಬೆಳಗಾಗಿದ್ದೇ ತಿಳಿಯಲಿಲ್ಲ. ಗಡಿಯಾರ ನೋಡಿದರೆ ಎಂಟೂವರೆ!

ಅಮ್ಮ ಮಾತ್ರ ನಾಲ್ಕಕ್ಕೇ ಎದ್ದು ಕತ್ತಲಲ್ಲಿ ಕೂತಿದ್ದರಂತೆ. ಬೆಳಕು ಹರಿಯಿತೋ ಇಲ್ಲವೋ ಗೊತ್ತಾಗದೆ.

ಎರಡನೇ ರಾತ್ರಿ ಅದಲುಬದಲು ಮಾಡಿದೆವು. ಅಮ್ಮ ತಂಗಿಯ ರೂಮಿಗೆ, ತಂಗಿ ಗಂಡ ನಮ್ಮಲ್ಲಿಗೆ. ಅವನ ಕಥೆ ಕೆಳಗೆ ಹೇಳುತ್ತೇನೆ. ಅಮ್ಮ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತರು. ಗಾಜು ಮಸುಕಾಗಿತ್ತು. ಸೆರಗಿನಿಂದ ಒರೆಸಿದರು. ಹೋಗಲಿಲ್ಲ. ಹೊರಗಿನಿಂದ ಕೂತ ಉಪ್ಪು ಅದು, ಒಳಗಿಂದ ಎಷ್ಟು ಒರೆಸಿದರೇನು? ಆದರೂ ಬೆಳಗ್ಗೆ ನಾನು ಹೋದಾಗ ಅಲ್ಲೇ ಇದ್ದರು. ಮೀನಿನ ದೋಣಿಗಳನ್ನು ಎಣಿಸುತ್ತಿದ್ದರು. "ಹದಿನೇಳು" ಅಂದರು.

ಹಾಗಾದರೆ ಯಾವುದು ಒಳ್ಳೆಯದು? ನನಗೆ ಒಳಗಿನದೇ ಸಾಕು. ಹಗಲಿಡೀ ಡೆಕ್ ಮೇಲೆ ಇರುವವರಿಗೆ ಕಿಟಕಿ ಯಾಕೆ? ಡೆಕ್ಕೇ ನಮ್ಮ ಜಗಲಿ. ಗಾಳಿ ಇದೆ, ಕುರ್ಚಿ ಇದೆ, ದುಡ್ಡಿಲ್ಲ. ಆದರೆ ಮೊಣಕಾಲು ನೋವಿನವರು, ಬೇಗ ಏಳುವವರು, ಜನಜಂಗುಳಿ ಆಗದವರು ಜೊತೆಗಿದ್ದರೆ ಕಿಟಕಿಗೆ ಕೊಟ್ಟ ದುಡ್ಡು ದಂಡ ಅಲ್ಲ. ತಂಗಿಗೆ ಇದನ್ನು ಬಾಯಿಬಿಟ್ಟು ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಇನ್ನು ವಾಂತಿ. ಮಲೆನಾಡಿನವರಿಗೆ ಇದು ಹೊಸದಲ್ಲ, ಅಲ್ವಾ? ಘಾಟಿ ಬಸ್ಸಿಗೆ ನಿಂಬೆಹಣ್ಣು ಮೂಸುತ್ತಾ ಬೆಳೆದವರು ನಾವು. ನನ್ನ ಮಗಳು ಹುಲಿಕಲ್‌ನಲ್ಲಿ ಎರಡು ಸಲ ವಾಂತಿ ಮಾಡಿದಳು. ಹಡಗಿನಲ್ಲಿ ಅವಳಿಗೆ ಏನೂ ಆಗಲಿಲ್ಲ. ಘಾಟಿಯಲ್ಲಿ ಹಾಡು ಹೇಳಿಕೊಂಡು ಗಾಡಿ ಓಡಿಸುವ ತಂಗಿ ಗಂಡ ಮೊದಲ ರಾತ್ರಿಯೇ ಬಾತ್‌ರೂಮ್ ಹಿಡಿದ.

ಇಲ್ಲೂ ಎರಡು ಪಕ್ಷ. ನಾವು ಅವೋಮಿನ್ ಮಾತ್ರೆಯನ್ನು ಹಡಗು ಬಿಡುವ ಒಂದು ಗಂಟೆ ಮೊದಲೇ ನುಂಗಿದ್ದೆವು. ಅವನು ಒಣಶುಂಠಿ-ಬೆಲ್ಲ ನಂಬಿದ್ದ. ತಲೆ ತಿರುಗಲು ಶುರುವಾದ ಮೇಲೆ ಮಾತ್ರೆ ನುಂಗಿದ. ಅದೂ ಹೊರಗೆ ಬಂತು. ಆದರೆ ಪೂರ್ತಿ ತಪ್ಪು ಶುಂಠಿಯದಲ್ಲ. ಅವನ ರೂಮು ಇದ್ದ ಜಾಗವೂ ಕಾರಣ. ಮಕ್ಕಳು ಆಡುವ ಏರುಪೇರು ಹಲಗೆ ಇದೆಯಲ್ಲ, ಅದರ ತುದಿಯಲ್ಲಿ ಕೂತವರು ಮೇಲೆ ಕೆಳಗೆ ಹೋಗುತ್ತಾರೆ, ನಡುವೆ ಕೂತವರು ಅಲ್ಲೇ ಇರುತ್ತಾರೆ. ಹಡಗೂ ಹಾಗೇ. ಮಧ್ಯದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಅಲುಗಾಟ ಕಮ್ಮಿ. ಎರಡನೇ ರಾತ್ರಿ ನಮ್ಮ ಬಾಣಂತಿ ಕೋಣೆಯಲ್ಲಿ ಅವನು ಗೊರಕೆ ಹೊಡೆದು ಮಲಗಿದ. ಕಿಟಕಿಗೆ ಆರು ಸಾವಿರ ಜಾಸ್ತಿ ಕೊಟ್ಟವನು! ಮಾತ್ರೆಗೂ ಒಂದು ದೋಷ ಇದೆ, ತೂಕಡಿಕೆ. ನಾನು ಊಟದ ಟೇಬಲ್ಲಿನಲ್ಲೇ ಕಣ್ಣು ಮುಚ್ಚಿದ್ದೆ. ವಯಸ್ಸಾದವರು, ಬೇರೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ನುಂಗಿ. ಡೆಕ್ಕಿಗೆ ಬಂದು ದೂರದ ಅಂಚನ್ನೇ ನೋಡುತ್ತಾ ನಿಂತರೂ ಹೊಟ್ಟೆ ತಹಬಂದಿಗೆ ಬರುತ್ತದೆ.

ಗೋವಾದಲ್ಲಿ ಹಡಗು ಮುರ್ಮಗೋವಾ ಬಂದರಿನಲ್ಲಿ ನಿಲ್ಲುತ್ತದೆ. ನಾವು ಹಡಗಿನವರದೇ ಟೂರ್ ತಗೊಂಡೆವು. ಹಳೇ ಗೋವಾದ ಬಾಮ್ ಜೀಸಸ್ ಬೆಸಿಲಿಕಾ ನೋಡಿದ್ದಕ್ಕಿಂತ ಬಸ್ಸಿನೊಳಗೆ ಎಲ್ಲರನ್ನೂ ಎಣಿಸುತ್ತಾ ಕೂತಿದ್ದೇ ಜಾಸ್ತಿ. ತಂಗಿ ಟ್ಯಾಕ್ಸಿ ಮಾಡಿ ಮಂಗೇಶಿ ದೇವಸ್ಥಾನ ನೋಡಿ, ಹೊಟ್ಟೆ ತುಂಬ ಊಟ ಮಾಡಿ ಬಂದಳು. ಖರ್ಚೂ ಕಮ್ಮಿ. ಆದರೆ ತಡವಾದೀತು ಅನ್ನುವ ಭಯಕ್ಕೆ ಎರಡು ಗಂಟೆ ಮುಂಚೆಯೇ ವಾಪಸ್. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ. ಇಷ್ಟಾದರೂ ಮುಂದಿನ ಸಲ ನಾನು ಟ್ಯಾಕ್ಸಿಯೇ.

ವೈಫೈ ಪ್ಯಾಕ್ ತಂಗಿ ಕೊಂಡಳು, ನಾವು ಕೊಳ್ಳಲಿಲ್ಲ. ನಡುಸಮುದ್ರದಲ್ಲಿ ನೆಟ್‌ವರ್ಕ್ ಇಲ್ಲ ಅಂತ ಉಳಿದವರೆಲ್ಲ ಪರದಾಡುತ್ತಿದ್ದರು. ಗುಡ್ಡ ಹತ್ತಿ ಫೋನ್ ಮಾಡಿದ ನಮಗೆ ಅದೇನು ಹೊಸದಾ? ಫೋನನ್ನು ಫ್ಲೈಟ್ ಮೋಡ್‌ಗೆ ಹಾಕುವುದು ಮಾತ್ರ ಮರೆಯಬೇಡಿ. ಹಡಗಿನ ಸಿಗ್ನಲ್ ಹಿಡಿದು ರೋಮಿಂಗ್ ಶುರುವಾದರೆ ಬಿಲ್ಲು ನೋಡಿ ತಲೆ ತಿರುಗುತ್ತದೆ, ಅದಕ್ಕೆ ಅವೋಮಿನ್ ಇಲ್ಲ.

ಹೊರಡುವ ಮುಂಚೆ ಎಲ್ಲರಿಗೂ ಸುರಕ್ಷತೆಯ ಕವಾಯತು ಕಡ್ಡಾಯ. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲಿ ಸೇರಬೇಕು ಅಂತ ತೋರಿಸುತ್ತಾರೆ. ಅಮ್ಮ ಲೈಫ್ ಜಾಕೆಟ್ ಹಾಕಿಸಿಕೊಂಡು, "ಲಾಂಚಲ್ಲಿ ಇಷ್ಟೆಲ್ಲ ಇರ್ಲಿಲ್ಲಪ್ಪ, ದೇವಿ ಇದ್ಲು" ಅಂದರು.

ಭಾನುವಾರ ಮುಂಬೈನಲ್ಲಿ ಇಳಿದಾಗ ಅಮ್ಮ ಮೊದಲು ಹುಡುಕಿದ್ದು ಆ ಚೀಟಿಯನ್ನು. ಕೌಂಟರಿನಲ್ಲಿ ಅಪ್ಪೆಮಿಡಿ ಬಾಟ್ಲಿ ಹಾಗೇ ಇತ್ತು, ಬಾಯಿಗೆ ಕಟ್ಟಿದ ಬಟ್ಟೆಯೂ ಸೇರಿ. ರೈಲಿನಲ್ಲಿ ಮೊಸರನ್ನದ ಜೊತೆ ಬಿಚ್ಚಿದೆವು. ವಿಮಾನದ ಟಿಕೆಟ್ ಬಿಟ್ಟು ನಮ್ಮ ಜೊತೆ ರೈಲಿಗೆ ಬಂದಿದ್ದ ತಂಗಿ ಎರಡು ಮಿಡಿ ತಿಂದಳು. ಅವಳ ಪ್ಯಾಕೆಟ್ ಇನ್ನೂ ಅರ್ಧ ಉಳಿದಿತ್ತು.